ಬೀದರ್ ಬಿಡಲು ಹೊರಟ ವಾಣಿಶ್ರೀ

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಶಿವಯೋಗೀಶರದು ಹಿಂಡಿ, ಹತ್ತಿಕಾಳಿನ ಅಂಗಡಿ. ದನ ಸಾಕಿದವರು ಅಲ್ಲಿಗೆ ಬಂದರೆ ಹಿಂಡಿ ಕಟ್ಟಿಸಿಕೊಳ್ಳುವ ಮೊದಲು ತಮ್ಮ ಎಮ್ಮೆಯ ಆರೋಗ್ಯದ ಸಮಾಚಾರ ಹೇಳುವುದು ವಾಡಿಕೆ. ವರ್ಷಗಟ್ಟಲೆ ಅದನ್ನು ಕೇಳಿ ಪಳಗಿದ್ದ ಶಿವಯೋಗೀಶರು, ಮಗಳು ವಾಣಿಶ್ರೀಗೆ ಪಶುವೈದ್ಯಕೀಯ ಸೀಟು ಸಿಕ್ಕ ದಿನವೇ ಗಿರಾಕಿಗಳಿಗೆಲ್ಲ, "ಇನ್ನೊಂದ್ ಐದಾರು ವರ್ಷ ತಡಕೋರಿ, ನಮ್ಮ ಮನ್ಯಾಗ ಡಾಕ್ಟರ್ ಇರ್ತಾಳ" ಎಂದು ಸಾರಿಬಿಟ್ಟರು. ಕೆಲವರಿಗೆ ಅಷ್ಟು ತಡೆದುಕೊಳ್ಳಲಾಗಲಿಲ್ಲ. ತರಗತಿ ಶುರುವಾದ ವಾರದಲ್ಲೇ ವಾಣಿಶ್ರೀಯ ಫೋನಿಗೆ ಸೆಗಣಿಯ ಫೋಟೋಗಳು ಬರತೊಡಗಿದವು.

ಸೀಟು ಸಿಕ್ಕಿದ್ದು ಬೀದರಿನಲ್ಲಿ. ಹುಬ್ಬಳ್ಳಿಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಕಣ್ಣುಜ್ಜಿಕೊಳ್ಳುತ್ತ ಇಳಿಯುವಷ್ಟು ದೂರ. ಮೊದಲ ವರ್ಷ ಮುಗಿಸಿ ರಜೆಗೆಂದು ದೇಶಪಾಂಡೆ ನಗರದ ಮನೆಗೆ ಬಂದ ವಾಣಿಶ್ರೀ, ಊಟಕ್ಕೆ ಕೂತಾಗ ತಲೆ ತಗ್ಗಿಸಿಕೊಂಡೇ ಹೇಳಿದಳು:

"ಅಪ್ಪಾ, ನಾ ಗದಗಿನ ಕಾಲೇಜಿಗೆ ಬದಲಿ ಮಾಡಿಸ್ಕೋತೇನಿ."

"ಯಾಕವಾ?"

"ಭಾಳ ದೂರ ಆಗ್ತೈತಿ. ಹವಾನೂ ಹೊಂದವಲ್ದು."

ಅದಕ್ಕಿಂತ ಹೆಚ್ಚಿಗೆ ಅವಳು ಹೇಳಲಿಲ್ಲ. ಕೆದಕಿ ಕೇಳುವಷ್ಟು ಪುರುಸೊತ್ತು ಯಾರಿಗೂ ಸಿಗಲಿಲ್ಲ, ಯಾಕೆಂದರೆ ಅಜ್ಜಿ ಸಂಗವ್ವ ಆಗಲೇ ಹಿಗ್ಗಿ ಹೋಗಿದ್ದಳು. "ಗದಗ ಅಂದ್ರ ನಮ್ಮ ಹಿತ್ತಲ ಇದ್ದಂಗ. ಶನಿವಾರ ಬಂದು ಸೋಮವಾರ ಹೋಗು. ಅರಿವಿ ಒಗಿಯೂದೂ ಇಲ್ಲೇ ಆಗ್ತೈತಿ." ಕೈ ತೊಳೆಯುವಷ್ಟರಲ್ಲಿ ಮುಂದಿನ ಶನಿವಾರಗಳ ಅಡಿಗೆಯೂ ಅಜ್ಜಿಯ ತಲೆಯಲ್ಲಿ ನಿಶ್ಚಯವಾಗಿತ್ತು.

ಆದರೆ ಕಾಲೇಜು ಬದಲಿಸುವುದು ಬಸ್ಸು ಬದಲಿಸಿದಷ್ಟು ಹಗುರಲ್ಲ. ಅಲ್ಲಿಯವರೊಬ್ಬರು ಇಲ್ಲಿಗೆ, ಇಲ್ಲಿಯವರೊಬ್ಬರು ಅಲ್ಲಿಗೆ ಹೋಗಲು ಒಪ್ಪಿದರೆ ಕೆಲಸ ಕೂಡಿಬರಬಹುದು ಎಂದು ಯಾರೋ ಹೇಳಿದರು. ವಾಣಿಶ್ರೀ ವಾಟ್ಸಾಪಿನಲ್ಲಿ ಹುಡುಕಿ ಗುರುಪಾದ ಎಂಬ ಹುಡುಗನನ್ನು ಪತ್ತೆ ಹಚ್ಚಿದಳು. ಬೀದರ್ ಕಡೆಯ ಭಾಲ್ಕಿಯವನು, ಓದುವುದು ಗದಗಿನಲ್ಲಿ, ಅವನಿಗೂ ಊರ ಸಮೀಪ ಹೋಗುವ ಆಸೆ. ಇಬ್ಬರ ಮಾತು ನಾಲ್ಕು ಮೆಸೇಜಿನಲ್ಲಿ ಮುಗಿದಿತ್ತು. ಸಂಗವ್ವ ಮಾತ್ರ ಒಪ್ಪಲಿಲ್ಲ. "ಇಂಥಾವೆಲ್ಲಾ ಫೋನಿನ್ಯಾಗ ಮುಗಿಸೂ ಮಾತಲ್ಲ. ದೊಡ್ಡವ್ರು ಕೂತು ಮಾತಾಡಬೇಕು. ಮನಿತನಾ ನೋಡಬೇಕು."

ಹಾಗಾಗಿ ಒಂದು ರವಿವಾರ ಗುರುಪಾದ ತನ್ನ ಕಾಕಾ ಬಸಣ್ಣನನ್ನು ಕರೆದುಕೊಂಡು ದೇಶಪಾಂಡೆ ನಗರಕ್ಕೆ ಬಂದ. ವಾಣಿಶ್ರೀಯ ಅವ್ವ ಬಂದವರಿಗೆಂದು ಉಪ್ಪಿಟ್ಟು, ಶಿರಾ ಮಾಡಿದ್ದಳು. ಪಕ್ಕದ ಮನೆಯ ಕಾಶೀಬಾಯಿಗೆ ಮೊದಲು ಶಿರಾದ ತುಪ್ಪದ ವಾಸನೆ ಬಡಿಯಿತು. ಆಮೇಲೆ ಧೋತರ ಉಟ್ಟ ಹಿರಿಯರೊಬ್ಬರೂ ಇಸ್ತ್ರಿ ಅಂಗಿ ತೊಟ್ಟ ಹುಡುಗನೊಬ್ಬನೂ ಆಟೋದಿಂದ ಇಳಿದದ್ದು ಕಂಡಿತು. ಅವಳು ಹಿತ್ತಲ ಬಾಗಿಲಿನಿಂದ ಅಡಿಗೆಮನೆಗೆ ಬಂದಳು.

"ಹುಡುಗ ಏನ್ ಕಲ್ತಾನ್ರಿ?"

"ಅಂವನೂ ದನದ ಡಾಕ್ಟರಕಿನ ಕಲಿಯಾಕತ್ತಾನ. ಲಗ್ನದ ಮಾತಲ್ರಿ ಕಾಶೀಬಾಯಿ, ಕಾಲೇಜ್ ಅದಲಾ ಬದಲಿ ಮಾಡ್ಕೊಳ್ಳೂ ಮಾತು."

"ಆಗ್ಲಿ ಬಿಡ್ರಿ. ಈಗಿನ ಕಾಲದಾಗ ಅದಕ್ಕೂ ಏನರ ಒಂದು ನೆವ ಬೇಕಲ್ಲ" ಎಂದ ಕಾಶೀಬಾಯಿ ಒಂದು ತಾಟು ಹಾಕಿಸಿಕೊಂಡು, ಪಡಸಾಲೆ ಕಾಣುವ ಹಾಗೆ ಅಡಿಗೆಮನೆಯ ಬಾಗಿಲಲ್ಲೇ ಕೂತಳು.

ಬಸಣ್ಣ ಒಕ್ಕಲುತನದವರು. ಪ್ರತಿ ವರ್ಷ ಎತ್ತಿನ ವ್ಯಾಪಾರವನ್ನೂ ಮಾಡುವವರು. ಕೂತವರೇ ಒಮ್ಮೆ ಮನೆ ನೋಡಿದರು, ಒಮ್ಮೆ ವಾಣಿಶ್ರೀಯನ್ನು ನೋಡಿದರು. ಗುರುಪಾದ ಶಿರಾ ಒಂದನ್ನೇ ನೋಡುತ್ತಿದ್ದ.

"ನಮ್ಮ ಕಡಿ ಎಳ್ಳಮಾಸಿಗಿ ಹೊಲದಾಗ ಭಜ್ಜಿ ಉಂಡಿ ಏನ್ ತಂಗಿ?" ಬಸಣ್ಣ ಮಾತು ಶುರು ಮಾಡಿದರು.

"ಮಿರ್ಚಿ ಭಜಿ ಬೇಕಾಗಿದ್ರ ಈಗ ತರಸ್ತೇನ್ರಿ" ಎಂದು ಶಿವಯೋಗೀಶರು ಎದ್ದೇಬಿಟ್ಟರು.

ವಾಣಿಶ್ರೀಗೆ ನಗು ಬಂತು. "ಅಪ್ಪಾ, ಕೂಡ್ರು. ಅವರ ಕಡೆ ಭಜ್ಜಿ ಅಂದ್ರ ಎಣ್ಣ್ಯಾಗ ಕರದದ್ದಲ್ಲ. ಹಸಿ ಕಾಳು, ತಪ್ಪಲಪಲ್ಲೆ ಎಲ್ಲಾ ಕೂಡಿಸಿ ಕುದಿಸಿರ್ತಾರ. ಎಳ್ಳ ಅಮಾಸಿ ದಿನ ನನ್ನ ಗೆಳತಿ ನಜ್ಮಾ ಅವರ ಹೊಲಕ್ಕ ಕರಕೊಂಡು ಹೋಗಿದ್ಲು, ಅವರ ಬಾಜೂ ಹೊಲದವ್ರು ನಮ್ಮನ್ನ ಬಿಡಲೇ ಇಲ್ಲ. ಉಂಡು ಏಳಾಕ ಬರಲಾರದಂಗ ಆಗಿತ್ತು."

ಅಲ್ಲಿಂದ ಮುಂದೆ ಬಸಣ್ಣನ ಮಾತಿನಲ್ಲಿ ಮನೆಯವರಿಗೆ ತಿಳಿಯದ್ದನ್ನೆಲ್ಲ ಅವಳೇ ಬಿಡಿಸಿ ಹೇಳತೊಡಗಿದಳು. "ಕಾಲೇಜಿನಾಗ ಯಾನ್ಯಾನ್ ಕಲಸ್ತಾರ?" ಎಂದು ಅವರು ಕೇಳಿದ್ದೇ ಸಾಕಾಯಿತು. ಕೊಟ್ಟಿಗೆಯ ವಿಷಯ ಬಂತು, ಎಲುಬು ಜೋಡಿಸಿ ನಿಲ್ಲಿಸಿದ ಕುದುರೆಯ ವಿಷಯ ಬಂತು. "ನಮ್ಮ ಕಾಲೇಜಿನ್ಯಾಗ ಒಬ್ರು ಸರ್ ಅದಾರ್ರಿ. ಎಮ್ಮಿ ಹೊಟ್ಟಿಗೆ ಕಿವಿ ಹಚ್ಚಿ ಕೇಳ್ರಿ ಅಂತಾರ. ಒಳಗ ದೂರದಾಗ ಗುಡುಗು ಬಂದಂಗ ಕೇಳ್ತೈತಿ. ನಾ ಪೈಲಾ ಸಲ ಕೇಳಿದಾಗ ಕಿವಿ ತೆಗಿಯಾಕ ಮನಸ್ಸ ಬರಲಿಲ್ಲ." ಮಾತಿನ ಜೊತೆಗೆ ಅವಳ ಕೈಯೂ ಆಡುತ್ತಿತ್ತು. ಸಂಗವ್ವ ಉಪ್ಪಿಟ್ಟು ತಿನ್ನುವುದನ್ನು ನಿಲ್ಲಿಸಿ ಮೊಮ್ಮಗಳ ಮುಖವನ್ನೇ ನೋಡಿದಳು.

ಬಸಣ್ಣ ಬಸಿಯಲ್ಲಿ ಚಹಾ ಸುರುವಿಕೊಂಡು, ಆರಿಸಿ, ಪೂರ್ತಿ ಕುಡಿದು ಕೆಳಗಿಟ್ಟರು.

"ತಂಗಿ, ನಾ ಎತ್ತು ಮಾರೂ ಮನಷ್ಯಾ. ಇಷ್ಟು ಹೊಗಳಿದ ಎತ್ತಿಗಿ ಎಲ್ಲೋ ಒಂದು ಕೆಟ್ಟ ಸುಳಿ ಇದ್ದೇ ಇರ್ತದ. ಕಾಲೇಜ್ ಇಷ್ಟು ಚಂದ ಅದ ಅಂತಿ, ಮತ್ತ ಯಾಕ ಬಿಡ್ತಿ? ಸುಳಿ ಎಲ್ಲಿ ಅದ ಹೇಳಿಬಿಡು."

"ದೂರ ಆಗ್ತೈತ್ರಿ."

"ದೂರ ಅಂಬೋದು ಸುಳಿ ಅಲ್ಲ. ಅದು ಹೋಗೂವಾಗೇ ಗೊತ್ತಿತ್ತು."

ವಾಣಿಶ್ರೀ ಓಡಣಿಯ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

"ಹೋತ್ರಿ" ಎಂದಳು ಕಡೆಗೆ.

"ಏನ್ ಹೋತು?" ಎಂದು, ಏನೋ ಕಳೆದುಹೋಯಿತೆಂದು ತಿಳಿದು ಶಿವಯೋಗೀಶರು ಗಾಬರಿಯಾದರು.

"ಹೋತಲ್ಲಪ್ಪಾ, ಹೋತ. ಗಂಡು ಆಡು."

ಹೀಗೆ ಅವಳು ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿ ಹೊರಗೆ ಬಂತು. ಪ್ರಾಣಿಗಳನ್ನು ಹಿಡಿಯುವುದನ್ನು ಕಲಿಸುವ ತರಗತಿಯಲ್ಲಿ ಒಂದು ಕರಿ ಹೋತವನ್ನು ಕೊಟ್ಟಿಗೆಯಿಂದ ಬಯಲಿಗೆ ತರುವ ಪಾಳಿ ಅವಳದು. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಬೇಡಿ ಎಂದು ಹೇಳಿಯೇ ಇದ್ದರು. ಇವಳು ಸುತ್ತಿಕೊಂಡಳು. ಹೋತಕ್ಕೆ ಆಚೆ ಬೇಲಿಯ ಹೆಣ್ಣಾಡುಗಳು ಕಂಡವು. ಅದು ಇವಳನ್ನೂ ಎಳೆದುಕೊಂಡು ಬಯಲು ದಾಟಿತು, ಹೂವಿನ ಮಡಿ ದಾಟಿತು, ಹುಟ್ಟುಹಬ್ಬಕ್ಕೆಂದು ಗೆಳತಿಯರೆಲ್ಲ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಗಿಡದ ಬುಡಕ್ಕೆ ಬಂತು. ಫೋಟೋ ಬಂದೇ ಬಿಟ್ಟಿತು. ಅದರಲ್ಲಿ ಗೆಳತಿಯರು ನಗುತ್ತಿದ್ದಾರೆ, ಹೋತ ನೇರವಾಗಿ ಕ್ಯಾಮೆರಾ ನೋಡುತ್ತಿದೆ, ವಾಣಿಶ್ರೀಯದು ಒಂದು ಕಾಲು ಮಾತ್ರ ಕಾಣುತ್ತದೆ.

"ಅವತ್ತಿನಿಂದ ನನಗ ಎಲ್ಲಾರೂ ಕಾಲಕ್ಕ ಅಂತಾರ" ಎಂದಳು.

ಮೊದಲು ನಕ್ಕವಳು ಸಂಗವ್ವ. ಆಮೇಲೆ ಶಿವಯೋಗೀಶರಿಂದ ತಡೆಯಲಾಗಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ತಾಟು ಬಿದ್ದ ಸದ್ದಾಯಿತು. ಗುರುಪಾದನ ನೆತ್ತಿಗೆ ಶಿರಾ ಹತ್ತಿತು. "ಯಾವ ಕಾಲವಾ?" ಎಂದು ಅಜ್ಜಿ ಕೇಳಿದ್ದಕ್ಕೆ ವಾಣಿಶ್ರೀ ಎದ್ದು ನಿಂತು, ಕಾಲು ಎತ್ತಿ ತೋರಿಸಿ, ತಾನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಿಂಗಳುಗಟ್ಟಲೆ ಅಡಗಿಸಿಟ್ಟುಕೊಂಡಿದ್ದ ನಾಚಿಕೆ ಹೇಳುತ್ತ ಹೇಳುತ್ತ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಬಸಣ್ಣ ಮಾತ್ರ ನಗಲಿಲ್ಲ. "ಅಲ್ಲ ತಂಗಿ, ಗದಗಿನ ಕಾಲೇಜಿನಾಗ ಹೋತ ಇಲ್ಲೇನು?"

ಎಲ್ಲರೂ ಗುರುಪಾದನ ಕಡೆ ತಿರುಗಿದರು. ಅವನು ನೀರು ಕುಡಿದು, ಬಂದಾಗಿನಿಂದ ಮೊದಲ ಸಲ ಬಾಯಿ ಬಿಟ್ಟ.

"ಅವ. ಭಾಳ ಅವ."

ಹೋಗುವಾಗ ಸಂಗವ್ವ ಇಬ್ಬರಿಗೂ ಬಾಳೆಹಣ್ಣು ಕೊಟ್ಟು ಕಳಿಸಿದಳು. ವಿಚಾರ ಮಾಡಿ ತಿಳಿಸುವುದೆಂದು ಮಾತಾಯಿತು. ತಾಟು ತೊಳೆದಿಟ್ಟ ಕಾಶೀಬಾಯಿ ಹೊರಡುವಾಗ ವಾಣಿಶ್ರೀಯ ಗದ್ದ ಹಿಡಿದು, "ಹುಡುಗ ಛಲೋ ಅದಾನ, ಮಾತು ಕಡಿಮಿ" ಎಂದಳು. ಆಮೇಲೆ, "ನಾ ಏನ್ ಸಾಲಿ ಕಲ್ತಾಕಿ ಅಲ್ಲವಾ. ಆದ್ರ ಬಿಟ್ಟು ಬರೂ ಮನಿ ಬಗ್ಗೆ ಯಾರೂ ಇಷ್ಟು ಅಕ್ಕರತಿಲೆ ಮಾತಾಡಿದ್ದು ನಾ ಕೇಳಿಲ್ಲ" ಎಂದು ಹೇಳಿ ಹೋದಳು.

ಮರುದಿನ ಬೆಳಗ್ಗೆ ವಾಣಿಶ್ರೀ ಗುರುಪಾದನಿಗೆ ಫೋನ್ ಮಾಡಿದಳು. ಭಾಲ್ಕಿಯಿಂದ ಹಿರಿಯರನ್ನು ಸುಮ್ಮನೆ ಕರೆಸಿದಂತಾಯಿತಲ್ಲ ಎಂಬ ಅಳುಕು ಅವಳಿಗಿತ್ತು.

"ತಪ್ಪ ತಿಳ್ಕೋಬ್ಯಾಡ್ರಿ. ನಾ ಬೀದರ್‌ನ್ಯಾಗ ಇರ್ತೇನಿ."

"ಕಾಕಾ ಆಟೋದಾಗೇ ಹೇಳ್ದರು. ಆಕಿ ಬಿಡಂಗಿಲ್ಲ, ನೀ ಬ್ಯಾರೆ ಯಾರರ ನೋಡ್ಕೋ ಅಂದರು."

"ನಿಮಗ ಸಿಟ್ಟ ಬಂದೈತೇನ್ರಿ?"

"ಆ ಫೋಟೋ ಕಳಸ್ತೀರೇನ್ರಿ?" ಎಂದ ಗುರುಪಾದ.

ಅವಳು ಕಳಿಸಿದಳು.

ಸಂಗವ್ವನನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಮೊಮ್ಮಗಳ ಕೂಡ ಮಾತು ಬಿಟ್ಟು, ಹೇಳುವುದೇನಿದ್ದರೂ ಗೋಡೆಗೆ ಹೇಳುತ್ತಿದ್ದಳು. ರಜೆ ಮುಗಿಯುತ್ತ ಬಂದಾಗ ಗೋಡೆಯ ಕಡೆ ತಿರುಗಿ, "ಅಂಥಾದ್ದೇನೈತಿ ಆ ಊರಾಗ, ನಾನ ಬಂದು ನೋಡತೇನಿ" ಎಂದಳು. ಹೇಳಿದ ಹಾಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಜೊತೆಗೆ ಹೊರಟೂಬಿಟ್ಟಳು.

ಬೀದರಿನಲ್ಲಿ ಅಜ್ಜಿ ಇಳಿದುಕೊಂಡದ್ದು ನಜ್ಮಾಳ ಮನೆಯಲ್ಲಿ. ಎರಡು ದಿನವಿದ್ದು ಬರುವ ಮಾತಾಗಿತ್ತು. ಆದರೆ ಕಾಲೇಜಿನ ದನದ ದವಾಖಾನೆಯ ಮುಂದೆ ಬೇವಿನ ಗಿಡದ ಕೆಳಗೊಂದು ಕಟ್ಟೆ ಅವಳ ಕಣ್ಣಿಗೆ ಬಿತ್ತು. ದನ, ಆಡು ಹೊಡೆದುಕೊಂಡು ಬಂದ ಹೆಂಗಸರು ಪಾಳಿ ಬರುವ ತನಕ ಅಲ್ಲಿ ಕೂಡುತ್ತಿದ್ದರು. ಸಂಗವ್ವ ಬೆಳಗ್ಗೆ ಚಹಾ ಕುಡಿದು ಹೋಗಿ ಅವರ ನಡುವೆ ಕೂತರೆ, ಅವರ ಆಕಳ ಕೆಚ್ಚಲಿನಿಂದ ಹಿಡಿದು ಸೊಸೆಯಂದಿರ ಸಿಟ್ಟಿನವರೆಗೆ ಎಲ್ಲ ಕೇಳಿಕೊಂಡು, ತನ್ನ ಮೊಣಕಾಲು ನೋವನ್ನೂ ಹೇಳಿಕೊಂಡು ಊಟದ ಹೊತ್ತಿಗೆ ಏಳುತ್ತಿದ್ದಳು. ವಾರದೊಳಗೆ ಅವಳ ಬಾಯಲ್ಲಿ 'ಏನು' ಹೋಗಿ 'ಯಾನ್' ಬಂತು.

ಹುಬ್ಬಳ್ಳಿಯಿಂದ ಶಿವಯೋಗೀಶರು ಫೋನ್ ಮಾಡಿ, "ಅವ್ವಾ, ಯಾವಾಗ ಬರ್ತೀ?" ಎಂದರು.

"ಇಲ್ಲೊಂದು ಬಡಪಾಯಿ ಆಕಳಾ ಮಲಗೇತಿ. ಅದು ಎದ್ದು ನಿಂತದ್ದು ನೋಡಿ ಬರ್ತೇನಿ."

ಆಕಳು ಎರಡೇ ದಿನಕ್ಕೆ ಎದ್ದು ಮನೆಗೆ ಹೋಯಿತು. ಸಂಗವ್ವ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ. ಕಡೆಗೆ ಶಿವಯೋಗೀಶರು ಅಂಗಡಿಗೆ ಬೀಗ ಹಾಕಿ, ಅವ್ವನನ್ನು ಕರೆತರಲು ತಾವೇ ಬೀದರಿನ ಬಸ್ಸು ಹತ್ತಬೇಕಾಯಿತು.