ಅಂಗೈಯಲ್ಲಿ ನಿಲ್ಲದ ಮನಸ್ಸು

ಪಾದಪೂಜೆಗೆ ಕೂತ ಅಯ್ಯನವರು ನಡುವೆ ಎದ್ದುಹೋಗಬಾರದೆಂದು ಯಾವ ಶಾಸ್ತ್ರದಲ್ಲೂ ಬರೆದಿರಲಿಕ್ಕಿಲ್ಲ. ಹಾಗೆ ಎದ್ದುಹೋಗುವವನೂ ಒಬ್ಬ ಹುಟ್ಟುತ್ತಾನೆಂದು ಬರೆದವರಿಗೆ ಹೇಗೆ ಗೊತ್ತಾಗಬೇಕು? ನಾನು ಹೋಗಿದ್ದೇನೆ. ಉಮರ್ಗಾದ ಒಂದು ಮನೆಯಲ್ಲಿ ಗಂಡ ಹೆಂಡತಿ ತಲೆ ಬಾಗಿಸಿ, ಕಣ್ಣು ಮುಚ್ಚಿಕೊಂಡು, ಹಿತ್ತಾಳೆಯ ಅಗಲ ಪರಾತದಲ್ಲಿಟ್ಟ ನನ್ನ ಪಾದಕ್ಕೆ ನೀರು ಹಾಕುತ್ತಿದ್ದರು. ಹಿತ್ತಲಲ್ಲಿ ಎಮ್ಮೆ ಈಯುತ್ತಿದೆ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಆಮೇಲೆ ನನಗೆ ನೆನಪಿರುವುದು ಕರುವಿನ ಒದ್ದೆ ಮೂತಿ ಮಾತ್ರ. ಆ ಪುಣ್ಯವಂತರು ಬರಿಯ ಪರಾತಕ್ಕೇ ತಂಬಿಗೆ ನೀರೆಲ್ಲ ಮುಗಿಸಿದ್ದರು.

ನಾವು ಜಂಗಮರು, ಬೀದರದ ಕಡೆಯಿಂದ ಬಂದು ಮರಾಠಿ ಸೀಮೆಯ ಉದಗೀರದಲ್ಲಿ ನಿಂತವರು. ಸುತ್ತಲಿನ ಊರುಗಳ ಮನೆಗಳಲ್ಲಿ ಪೂಜೆ ಮಾಡಿಸುವುದು ನನ್ನ ಕೆಲಸ. ಏಕಾಗ್ರತೆಯ ಬಗ್ಗೆ ಉಪದೇಶ ಮಾಡುವುದೂ ಅದರಲ್ಲೇ ಬರುತ್ತದೆ.

ನನ್ನ ಮಗಳು ಗೌರಿ ಮರಾಠಿ ಶಾಲೆಯಲ್ಲಿ ಐದನೆಯ ತರಗತಿ. ಒಂದು ಸಾಲು ಓದುವುದರೊಳಗೆ ಕಿಟಕಿಯ ಹತ್ತಿರ ಇರುತ್ತಾಳೆ, ಅರ್ಧ ಲೆಕ್ಕ ಮಾಡಿ ಬೆಕ್ಕಿನ ಹಿಂದೆ ಹೋಗುತ್ತಾಳೆ. ಒಂದು ಸಂಜೆ ಚೀಲ ಒಗೆದು ಅತ್ತಳು. "ನಾ ಇನ್ನ ಸಾಲಿಗಿ ಹೋಗಂಗಿಲ್ರೀ ಅಪ್ಪಾಜಿ. ಎಲ್ಲಾರಿಗೂ ತಿಳೀತದ, ನನಗಷ್ಟೇ ತಿಳಿಯಂಗಿಲ್ಲ. ನಾ ದಡ್ಡಿ ಇದ್ದೀನಿ." ಹತ್ತು ವರ್ಷದ ಹುಡುಗಿ ತನ್ನ ಬಗ್ಗೆ ತಾನೇ ತೀರ್ಪು ಕೊಟ್ಟುಕೊಂಡುಬಿಟ್ಟಿದ್ದಳು.

ಲಾತೂರಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಅಲ್ಲಿಯ ಡಾಕ್ಟರಬಾಯಿ ಇದು ದಡ್ಡತನ ಅಲ್ಲವೇ ಅಲ್ಲ, ಇದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ, ಗಮನ ಒಂದೆಡೆ ನಿಲ್ಲುವುದಿಲ್ಲ, ಮೈ ಸುಮ್ಮನಿರುವುದಿಲ್ಲ ಎಂದರು. ಸ್ವಲ್ಪ ಸ್ವಲ್ಪವಾಗಿ ಗಮನ ನಿಲ್ಲಿಸುವ ರೂಢಿ ಮಾಡಿಸಬೇಕು, ಬೇಕಾದರೆ ಗುಳಿಗೆಯೂ ಇದೆ. "ಮನೆಯಲ್ಲಿ ಬೇರೆ ಯಾರಾದರೂ ಹೀಗಿದ್ದಾರೆಯೇ?" ಎಂದು ಕೇಳಿದರು. ನನ್ನ ಹೆಂಡತಿ ಶಾಂತಾ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದೆ.

ಗುಳಿಗೆ ಎಂದೊಡನೆ ನನಗೆ ಹೆದರಿಕೆ. ಮೊದಲು ಮನೆಮದ್ದು ನೋಡೋಣ ಎಂದೆ. ಸುದ್ದಿ ಹಬ್ಬಿತು ನೋಡಿ, ಮದ್ದುಗಳ ಮೆರವಣಿಗೆಯೇ ಬಂತು. ಗುಂಜೋಟಿಯಿಂದ ಅತ್ತೆ ಬ್ರಾಹ್ಮಿ ಎಣ್ಣೆ ಕಳಿಸಿದರು. ನಿಲಂಗಾದ ಷಡ್ಡಕ ಸಕ್ಕರೆ ಬಿಡಿಸಿ ಎಂದ. ಹಾಗೆಂದದ್ದು ಪೇಢೆ ತಿನ್ನುತ್ತ. ಮೊಬೈಲಿನಲ್ಲಿ ಒಬ್ಬ ಮಹಾತ್ಮರು ಮಗುವನ್ನು ಬೆಳಿಗ್ಗೆ ಇಬ್ಬನಿಯ ಹುಲ್ಲಿನ ಮೇಲೆ ನಡೆಸಿ ಎಂದರು. ಉದಗೀರದ ಬೇಸಿಗೆಯಲ್ಲಿ ಹುಲ್ಲಿಗೆ ಎಲ್ಲಿಗೆ ಹೋಗೋಣ? ಒಂದು ಮದ್ದು ಬರಿಹೊಟ್ಟೆಯಲ್ಲಿ, ಇನ್ನೊಂದು ಊಟವಾದ ಮೇಲೆ, ಮತ್ತೊಂದು ಸೂರ್ಯ ಹುಟ್ಟುವ ಮುಂಚೆ. ಗಮನ ಇಲ್ಲದವರಿಗೆಂದು ಮಾಡಿದ ಮದ್ದಿಗೆ ಎಷ್ಟೊಂದು ಗಮನ ಬೇಕು ಮಾರಾಯರೇ! ನೆನೆಹಾಕಿದ ಬಾದಾಮಿ ಕೊಡುವ ಕೆಲಸ ನನ್ನದಾಗಿತ್ತು. ಎಷ್ಟೋ ಸಲ ಪೇಪರು ಓದುತ್ತ ನಾನೇ ತಿಂದು ಮುಗಿಸಿದೆ.

ಕೊನೆಗೆ ನಮ್ಮ ಮನೆತನದ ಮದ್ದನ್ನೇ ಹೊರತೆಗೆದೆ: ಇಷ್ಟಲಿಂಗ ಪೂಜೆ. ಹುಟ್ಟಿದಾಗ ಕಟ್ಟಿದ ಲಿಂಗ ಗೌರಿಯ ಕೊರಳಲ್ಲೂ ಇದೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಎದುರಿಗೆ ಕೂಡಿಸಿಕೊಂಡೆ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಅದನ್ನೇ ನೋಡುತ್ತಿರಬೇಕು, ದೃಷ್ಟಿ ಅಲ್ಲಾಡಬಾರದು, ನನ್ನನ್ನು ನೋಡಿ ಕಲಿ ಎಂದೆ. ಅವಳು ನನ್ನನ್ನೇ ನೋಡಿದಳು.

"ಅಪ್ಪಾಜಿ, ಕಣ್ಣು ಲಿಂಗದ ಮ್ಯಾಲೇ ಅದಾವ, ಖರೆ. ನೀವ್ ಎಲ್ಲಿಗಿ ಹೋಗೀರಿ?"

ಕೈಯಲ್ಲಿ ಲಿಂಗ ಹಿಡಿದು ಸುಳ್ಳು ಹೇಳುವುದು ಹೇಗೆ? "ಜಳಕೋಟಕ್ಕ," ಎಂದೆ. "ನಾಳಿ ಅಲ್ಲಿ ಪೂಜಾ ಅದ. ಬಸ್ ಸಿಗ್ತದೋ ಇಲ್ಲೋ ಅಂತ ನೋಡ್ಲಿಕತ್ತಿದ್ದೆ."

"ನಿಮಗೂ ಹಿಂಗ ಆಗ್ತದೇನ್ರೀ?"

"ದಿನಾ ಆಗ್ತದವ್ವ."

"ಮತ್ತ ಏನ್ ಮಾಡ್ತೀರಿ?"

"ಏನ್ ಮಾಡೋದು? ವಾಪಸ್ ಬರ್ತೀನಿ. ಮತ್ತ ಹೋಗ್ತದ, ಮತ್ತ ಕರಕೊಂಡ್ ಬರ್ತೀನಿ."

ಗೌರಿ ನಕ್ಕಳು. ಆ ನಗು ನಮ್ಮ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು. ಅಂದಿನಿಂದ ಪೂಜೆ ಮುಗಿದ ಮೇಲೆ ಯಾರ ಮನಸ್ಸು ಎಲ್ಲೆಲ್ಲಿ ತಿರುಗಿ ಬಂತೆಂದು ಒಬ್ಬರಿಗೊಬ್ಬರು ವರದಿ ಕೊಡುತ್ತೇವೆ. ಹಿರಿಯರು ಮನಸ್ಸಿನ ಚಂಚಲತೆಯ ಬಗ್ಗೆ ಅಷ್ಟೆಲ್ಲ ಹೇಳಿಟ್ಟಿದ್ದಾರೆಂದರೆ ಅವರನ್ನೂ ಅದು ಸಾಕಷ್ಟು ಓಡಾಡಿಸಿರಬೇಕು.

ಪೂಜೆಯಿಂದಲೇ ಎಲ್ಲ ಸರಿಹೋಯಿತು ಎಂದರೆ ನಾನೂ ಮೊಬೈಲಿನ ಮಹಾತ್ಮನಾದೇನು. ಶಾಲೆಯಲ್ಲಿ ಅವಳ ಕಷ್ಟ ಹಾಗೇ ಇತ್ತು. ಶಾಂತಾ ಹಟ ಹಿಡಿದಳು, ಮತ್ತೆ ಲಾತೂರಿಗೆ ಹೋದೆವು. ಡಾಕ್ಟರಬಾಯಿ ಗುಳಿಗೆ ಶುರುಮಾಡಿದರು. ಪೂಜೆ, ಆಟ, ಹೊತ್ತಿಗೆ ಸರಿಯಾಗಿ ನಿದ್ದೆ ಇವನ್ನೂ ಬಿಡಬೇಡಿ ಎಂದರು. ಬಾದಾಮಿಯಿಂದ ನಷ್ಟವಿಲ್ಲ, ಆದರೆ ಮಗುವೇ ತಿನ್ನಲಿ ಎಂದರು. ಶಾಂತಾ ಎಲ್ಲವನ್ನೂ ಹೇಳಿಬಿಟ್ಟಿದ್ದಳು.

ಮೊನ್ನೆ ಗೌರಿ ಶಾಲೆಯಿಂದ ಓಡುತ್ತಲೇ ಬಂದಳು. "ಅಪ್ಪಾಜಿ, ಗಣಿತದ ಹೊತ್ತಿನಾಗ ಮನಸ್ಸು ಹೊರಗ ಹೋಗಿತ್ತರೀ. ವಾಪಸ್ ಕರಕೊಂಡ್ ಬಂದೆ. ಕೈ ಎತ್ತಿ, 'ಬಾಈ, ಪುನ್ಹಾ ಸಾಂಗಾ' ಅಂದೆ."

"ಮತ್ತೊಮ್ಮೆ ಹೇಳ್ರಿ ಅಂದದ್ದಕ್ಕ ಟೀಚರ್ ಬೈದರೇನವ್ವ?"

"ಇಲ್ರೀ, ಮತ್ತೊಮ್ಮೆ ಹೇಳಿದ್ರು. ಆಮ್ಯಾಲ ಬಾಕಿ ಹುಡುಗ್ಯಾರೂ ನಮಗೂ ತಿಳಿದಿಲ್ಲ ಅಂತ ಕೈ ಎತ್ತಿದ್ರು!"

ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅಡುಗೆಮನೆಯಿಂದ ಶಾಂತಾ ಏನೋ ಅಂದಳು. ರೂಢಿಯಂತೆ ಹೂಂ ಅನ್ನಲು ಹೋದವನು ತಡೆದುಕೊಂಡೆ. "ಕೇಳಿಸ್ಲಿಲ್ಲ ಶಾಂತಾ, ಮತ್ತೊಮ್ಮೆ ಹೇಳು," ಎಂದೆ.

ಒಳಗೆ ಲಟ್ಟಣಿಗೆಯ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನನ್ನ ಮುಖ ನೋಡಿದಳು. "ಮದಿವಿ ಆದಾಗಿಂದ ಇವತ್ತೇ ಮೊದಲ್ನೇ ಸಲ ಹಿಂಗ ಕೇಳೀರಿ ನೋಡ್ರಿ," ಎಂದಳು. ಏನು ಹೇಳುವುದಿತ್ತೆಂಬುದು ಈಗ ಅವಳಿಗೇ ಮರೆತುಹೋಗಿತ್ತು.