ಸುರಂಗದ ಹಾಲಿಗೆ ಸಾಕ್ಷಿ

ಚರ್ಚಾಸ್ಪರ್ಧೆಯಲ್ಲಿ ಒಂದು ಅನ್ಯಾಯವಿದೆ. ಪರವೋ ವಿರೋಧವೋ ಎಂದು ನಾವು ಆರಿಸಿಕೊಳ್ಳುವಂತಿಲ್ಲ, ಚೀಟಿ ಆರಿಸುತ್ತದೆ. ಕಂಪ್ಯೂಟರ್ ಬರೆದುಕೊಟ್ಟದ್ದನ್ನು ಅಧ್ಯಯನಕ್ಕೆ ಆಕರವಾಗಿ ಒಪ್ಪಬಹುದೇ ಎಂಬ ವಿಷಯ ಬಂದ ವರ್ಷ ನನ್ನ ಚೀಟಿಯಲ್ಲಿದ್ದದ್ದು ‘ಪರ’. ಒಂದಕ್ಷರವನ್ನೂ ನಂಬದೆ ಮಾತಾಡಿದೆ, ಗೆದ್ದೆ. ಪುಸ್ತಕ ಬರೆದವರೂ ತಪ್ಪುತ್ತಾರೆ, ಶಾಸನ ಬರೆಸಿದವನೂ ತನ್ನನ್ನೇ ಹೊಗಳಿಕೊಂಡಿರುತ್ತಾನೆ, ಹಾಗಿರುವಾಗ ಯಂತ್ರವೊಂದನ್ನೇ ಕಟಕಟೆಗೆ ಎಳೆಯುವುದೇಕೆ ಎಂದೆ. ಸಭೆ ಚಪ್ಪಾಳೆ ತಟ್ಟಿತು. ಅಂದು ಸಿಕ್ಕ ಹಿತ್ತಾಳೆ ಬಣ್ಣದ ಬಹುಮಾನದ ಕಪ್ಪು ಈಗ ಬಂಗಾರಪೇಟೆಯ ನಮ್ಮ ಅಡುಗೆಮನೆಯಲ್ಲಿ ಕರಿಬೇವು ಹೊತ್ತು ನಿಂತಿದೆ. ನನ್ನ ವಾದಗಳಿಂದ ಮನೆಗೆ ಆದ ಉಪಯೋಗ ಅದೊಂದೇ ಎಂದು ಅಮ್ಮ ಹೇಳುತ್ತಾಳೆ.

ತೊಂದರೆ ಏನಾಯಿತೆಂದರೆ, ಆ ಭಾಷಣವನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅದು ನನ್ನ ಚಿಕ್ಕಪ್ಪನ ಮಗಳ ಕೈಗೆ ಸಿಕ್ಕಿತ್ತು.

ಅವಳು ಕಾಮಸಮುದ್ರದ ಆಚೆಗಿರುವ ನಮ್ಮ ಹಳ್ಳಿಯಿಂದ ದಿನಾ ಬಸ್ಸು ಹತ್ತಿ ಕೆಜಿಎಫ್‌ನ ಕಾಲೇಜಿಗೆ ಹೋಗುವವಳು. ಇತಿಹಾಸದ ಎಂ.ಎ., ಕೊನೆಯ ವರ್ಷ. ಗಣಿ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಗಳಿಂದ ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಹಾಲು ಹೋಗುತ್ತಿತ್ತಲ್ಲ, ಅದರ ಮೇಲೆ ಅವಳ ಪ್ರಬಂಧ. ವಿಷಯವೇನೋ ಚೆನ್ನಾಗಿತ್ತು. ಆದರೆ ಅವಳ ಮಾರ್ಗದರ್ಶಿ ಮೇಡಂ ಅಡಿಟಿಪ್ಪಣಿಯಲ್ಲಿ ಕಂಡದ್ದನ್ನೆಲ್ಲ ಹೋಗಿ ಮುಟ್ಟಿ ನೋಡುವ ಸ್ವಭಾವದವರು. ಆಕರ ಎಂದರೆ ನಾನು ಹೋಗಿ ಬಾಗಿಲು ತಟ್ಟಬಹುದಾದ ಮನೆ, ಎನ್ನುವುದು ಅವರು ಪ್ರತಿ ತರಗತಿಯಲ್ಲೂ ಹೇಳುವ ಮಾತು. ಬಾಗಿಲೇ ಇಲ್ಲದ ಆಕರ ಕೊಟ್ಟ ಒಬ್ಬ ಹುಡುಗನ ಪ್ರಬಂಧಕ್ಕೆ ಹಿಂದಿನ ವರ್ಷ ಅವರು ಸಹಿ ಹಾಕಿರಲಿಲ್ಲ. ಸಹಿ ಇಲ್ಲದೆ ವೈವಾಕ್ಕೆ ಕೂರಿಸುವುದಿಲ್ಲ. ಅವನ ಒಂದು ವರ್ಷ ಹಾಗೇ ಹೋಯಿತು. ನನ್ನ ತಂಗಿ ಆಗಲೇ ಬಿ.ಇಡಿ. ಸೇರುವ ಲೆಕ್ಕ ಹಾಕಿದ್ದಳು.

ಭಾಷೆ ತಿದ್ದಿಕೊಡು ಅಕ್ಕ, ಎಂದು ಒಂದು ಭಾನುವಾರ ಪ್ರಬಂಧ ತಂದುಕೊಟ್ಟಳು. ಓದುತ್ತಾ ಹೋದೆ. ಸೈಕಲ್ಲು, ಕ್ಯಾನು, ಬೆಳಗಿನ ಶಿಫ್ಟು ಎಲ್ಲ ಅವಳದೇ ಮಾತಿನಲ್ಲಿತ್ತು. ಮೂರನೇ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ಗದ್ಯ ಜರಿ ಸೀರೆ ಉಟ್ಟುಕೊಂಡಿತು. ನಮ್ಮ ಭಾಗದ ಗೌಳಿಗರು ಹಾಲು ಅಳೆಯುವ ಮುನ್ನ ದಕ್ಷಿಣಾಭಿಮುಖವಾಗಿ ನಿಂತು ಮೊದಲ ಚಮಚವನ್ನು ಭೂಮಿಗೆ ಅರ್ಪಿಸುತ್ತಿದ್ದರಂತೆ. ಪಾತಾಳಕ್ಕಿಳಿದ ಶ್ರಮಜೀವಿಗಳು ಕ್ಷೇಮವಾಗಿ ಮರಳಲಿ ಎಂಬುದು ಅದರ ಆಶಯವಂತೆ. ಆ ಪದ್ಧತಿಗೆ ‘ಸುರಂಗದ ಹಾಲು’ ಎಂದು ಹೆಸರಂತೆ. ಕೆಳಗೆ ಒಂದು ಪುಸ್ತಕದ ಉಲ್ಲೇಖ, ಪುಟಸಂಖ್ಯೆಯ ಸಮೇತ.

ಪುಸ್ತಕ ನೋಡಿದೆಯಾ ಎಂದು ಕೇಳಿದೆ. ಇಲ್ಲ, ಮೊಬೈಲಿನ ಎಐ ಕೊಟ್ಟದ್ದು ಎಂದಳು. ಹುಡುಕಿದೆವು. ಅಂಥ ಪುಸ್ತಕ ಯಾವ ಗ್ರಂಥಾಲಯದ ಪಟ್ಟಿಯಲ್ಲೂ ಇರಲಿಲ್ಲ, ಬರೆದವರು ಹುಟ್ಟಿದ ಕುರುಹೂ ಇರಲಿಲ್ಲ. ಇದು ಎಲ್ಲಿದೆ ಎಂದು ಅದನ್ನೇ ಕೇಳಿದರೆ, ತುಂಬಾ ವಿನಯದಿಂದ ಕ್ಷಮೆ ಕೇಳಿ ಇನ್ನೊಂದು ಪುಸ್ತಕ ಕೊಟ್ಟಿತು. ಅದೂ ಇರಲಿಲ್ಲ. ಮತ್ತೆ ಕ್ಷಮೆ, ಮತ್ತೊಂದು ಪುಸ್ತಕ. ನಮ್ಮ ವಂಶದಲ್ಲಿ ಇಷ್ಟು ಸಲೀಸಾಗಿ ಕ್ಷಮೆ ಕೇಳಿದವರು ಇದುವರೆಗೆ ಹುಟ್ಟಿಲ್ಲ.

ಇದನ್ನು ಕಿತ್ತುಹಾಕು ಎಂದೆ. ಅವಳು ಜಗ್ಗಲಿಲ್ಲ. ಆ ಅಧ್ಯಾಯದ ಪ್ರಾಣವೇ ಅದು, ಕಿತ್ತರೆ ಉಳಿಯುವುದು ಬರೀ ಲೀಟರು ಮತ್ತು ಸೈಕಲ್ಲು ಎಂದಳು. ಆಮೇಲೆ ಮೊಬೈಲು ತೆಗೆದು ನನ್ನ ಭಾಷಣ ಹಾಕಿದಳು. ಕರಿಬೇವಿನ ಕಪ್ಪಿನ ಎದುರಿಗೇ ಕೂತು ನಾನು ಯಂತ್ರದ ಪರವಾಗಿ ಕೂಗಾಡುವುದನ್ನು ಕೇಳಬೇಕಾಯಿತು. ಅಮ್ಮ ಒಳಗಿನಿಂದ, ಯಾರೇ ಅದು, ಚೆನ್ನಾಗಿ ಮಾತಾಡ್ತಾಳಲ್ಲ, ಎಂದಳು.

“ಅದು ಚೀಟಿ ಕಣೇ,” ಎಂದೆ.

“ಊರೋರೇ ಏಳ್ತಾವ್ರೆ ಅಕ್ಕ. ಬಂದು ಕೇಳು. ಅವ್ರಿಗೂ ಚೀಟಿ ಎತ್ತಿಸಿದ್ದೀನಾ?”

ಮುಂದಿನ ಶನಿವಾರ ಸಂಜೆಯ ಬಸ್ಸು ಹತ್ತಿ ಊರಿಗೆ ಹೋದೆ.

ಭಾನುವಾರ ಬೆಳಿಗ್ಗೆ ಡೈರಿಯ ಮುಂದೆ ಕಂಡದ್ದು ಇದು. ಹಾಲು ತಂದವರು ಎಂದಿನಂತೆ ಸಾಲಾಗಿ ನಿಂತಿದ್ದರು. ಆದರೆ ತಮ್ಮ ಸರದಿ ಬಂದಾಗ ಒಬ್ಬೊಬ್ಬರೂ ಪಕ್ಕಕ್ಕೆ ಸರಿದು, ಕ್ಯಾನಿನಿಂದ ಒಂದು ಚಮಚ ಎತ್ತಿ, ದಕ್ಷಿಣಕ್ಕೆ ತಿರುಗಿ, ನೆಲಕ್ಕೆ ಬಿಟ್ಟು, ಆಮೇಲೆ ಒಳಗೆ ಹೋಗುತ್ತಿದ್ದರು. ಕೋರಮಂಡಲ್ ಇರುವುದು ಉತ್ತರಕ್ಕೆ. ಅಷ್ಟೂ ಜನ ಅದಕ್ಕೆ ಬೆನ್ನು ಹಾಕಿ ಗಣಿಗೆ ನಮಸ್ಕರಿಸುತ್ತಿದ್ದರು. ಊರಿನ ನಾಯಿಯೊಂದು ಆ ಜಾಗದಲ್ಲಿ ಸರ್ಕಾರಿ ನೌಕರನ ಗಾಂಭೀರ್ಯದಿಂದ ಕೂತಿತ್ತು. ಡೈರಿಯ ಸೆಕ್ರೆಟರಿ, ಇರುವೆ ಹೆಚ್ಚಾಗಿವೆ, ಮೆಟ್ಟಿಲು ಜಾರುತ್ತಿದೆ, ಇದನ್ನು ಹೊರಗೆಲ್ಲಾದರೂ ಇಟ್ಟುಕೊಳ್ಳಿ ಎಂದು ಗೊಣಗುತ್ತಿದ್ದರು. ತಂಗಿ ಫೋಟೊ ತೆಗೆಯುತ್ತಿದ್ದಳು. ಅವಳ ಅಡಿಟಿಪ್ಪಣಿಗೆ ಕೈಕಾಲು ಬಂದಿದ್ದವು.

ಹೇಗೆ ಕೇಳಿದೆ ಇವರನ್ನು, ಎಂದು ಅವಳನ್ನು ಪಕ್ಕಕ್ಕೆಳೆದು ವಿಚಾರಿಸಿದೆ. ಮೊಬೈಲಿನಲ್ಲಿದ್ದದ್ದನ್ನು ಇದೇ ಸಾಲಿನಲ್ಲಿ ಗಟ್ಟಿಯಾಗಿ ಓದಿ, ಹೌದಾ ಎಂದು ಕೇಳಿದ್ದಳಂತೆ.

ನಮ್ಮೂರು ಗೊತ್ತಿಲ್ಲದವರು ಮಾತ್ರ ಹೀಗೆ ಕೇಳಬಹುದು, ಇವಳು ಅಲ್ಲೇ ಹುಟ್ಟಿ ಕೇಳಿದ್ದಳು. ನಮ್ಮೂರಿನಲ್ಲಿ ಕೇಳಿದವರಿಗೆ ಗೊತ್ತಿಲ್ಲ ಎನ್ನುವುದು ನೀರು ಕೇಳಿದವರಿಗೆ ಇಲ್ಲ ಎಂದಂತೆ. ತಾವು ಕೇಳಿಯೇ ಇರದ ಊರಿಗೂ ದಾರಿ ಹೇಳಿ, ಹುಣಸೆಮರದ ತಿರುವಿನವರೆಗೆ ಜೊತೆಗೆ ಬಂದು ಕಳಿಸಿಕೊಡುತ್ತಾರೆ. ಓದಿದ ಹುಡುಗಿ ಅಷ್ಟು ದೊಡ್ಡದಾಗಿ ಓದಿ ಹೌದಾ ಎಂದರೆ, ಇಲ್ಲ ಎನ್ನಲು ಯಾರಿಗೆ ಮನಸ್ಸು ಬಂದೀತು? ಮೊದಲ ದಿನ ‘ಇದ್ರೂ ಇರ್ಬೋದು’ ಎಂದಿದ್ದರು. ಆಮೇಲೆ ಅದು ‘ಇತ್ತು’ ಆಯಿತು. ವಾರ ಕಳೆಯುವುದರೊಳಗೆ, ಹಿಂದೆ ಕೋರಮಂಡಲ್‌ಗೆ ಸೈಕಲ್ಲಿನಲ್ಲಿ ಹಾಲು ಹಾಕುತ್ತಿದ್ದ ತಾತ ಅದನ್ನು ಕಣ್ಣಾರೆ ಕಂಡಿದ್ದೇನೆ ಎಂದರು. ತಾತನೇ ಕಂಡ ಮೇಲೆ ಬಿಟ್ಟುಬಿಟ್ಟದ್ದು ತಪ್ಪಾಯಿತೆಂದು ಊರು ಮತ್ತೆ ಶುರುಮಾಡಿತು, ಎಂದೂ ಮಾಡಿರದಿದ್ದುದನ್ನು.

ಸಾಲಿನಲ್ಲಿ ನಮ್ಮಜ್ಜಿಯೂ ಇದ್ದಳು, ಸಣ್ಣ ಸ್ಟೀಲ್ ಕ್ಯಾನು ಮತ್ತು ಚಮಚ ಹಿಡಿದು. ನನ್ನನ್ನು ಕಂಡವಳೇ, ಬಂದ್ಲು ಲಾಯರಮ್ಮ, ಎಂದಳು. ನಾನು ಕಾನೂನು ಓದಿದವಳಲ್ಲ. ಜಗಳಕ್ಕೆ ಬರುವವರೆಲ್ಲ ಅವಳಿಗೆ ಲಾಯರೇ.

ಈ ಪದ್ಧತಿ ಯಾರು ಹೇಳಿಕೊಟ್ಟದ್ದು ಎಂದು ಕೇಳಿದೆ. ತನ್ನ ಅತ್ತೆ ಎಂದಳು. ಅವಳ ಅತ್ತೆಯ ಕಾಲದಲ್ಲಿ ನಮ್ಮ ಮನೆಯಲ್ಲಿ ಹಸುವೇ ಇರಲಿಲ್ಲ, ಕುರಿಗಳಿದ್ದವು ಎಂದು ಅವಳೇ ನೂರು ಸಲ ಹೇಳಿದ್ದಳು. ಅದನ್ನು ನೆನಪಿಸಿದೆ.

“ಕುರಿ ಆಲೂ ಆಲೇ ಅಲ್ವಾ,” ಎಂದಳು ಅಜ್ಜಿ.

ಸಾಲು ನಕ್ಕಿತು. ಚರ್ಚೆಯಲ್ಲಿ ಎದುರಾಳಿ ಹೀಗೆ ಜಾರಿಕೊಂಡಾಗ ಬೆನ್ನಟ್ಟಬಾರದು, ಅವರಿಗೆ ಚೆನ್ನಾಗಿ ಗೊತ್ತಿರುವ ಬೇರೆ ಪ್ರಶ್ನೆ ಕೇಳಬೇಕು. ಅವಳು ಚಮಚ ಎತ್ತಿ ದಕ್ಷಿಣಕ್ಕೆ ತಿರುಗುವವರೆಗೆ ಕಾದೆ.

“ಅಜ್ಜಿ, ತೆಂಕಲಿಗೆ ತಿರುಗಿ ನೆಲಕ್ಕೆ ಹಾಲು ಬಿಡೋದು ಯಾವತ್ತು?”

“ಯಾವತ್ತೇನು, ಸತ್ ಮೂರ್ನೇ ದಿನ, ಮಣ್ ಮಾಡಿದ್ ತಾವ, ಆಲು ತುಪ್ಪ...”

ಚಮಚ ಅಲ್ಲೇ ನಿಂತಿತು. ಹೂಳಿದ ಮೂರನೆಯ ದಿನ ಗುಂಡಿಯ ಮಣ್ಣಿಗೆ ಹಾಲು ತುಪ್ಪ ಬಿಡುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕೆಳಗಿಳಿದವರು ಬದುಕಿ ಬರಲಿ ಎಂದು ಯಾರೂ ಅದನ್ನು ಮಾಡುವುದಿಲ್ಲ, ಇನ್ನು ಬರುವುದಿಲ್ಲ ಎಂದು ಮಾಡುವುದು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಚಮಚ ಕ್ಯಾನಿನೊಳಗೆ ಇಳಿಸಿದರು. ಒಬ್ಬಾಕೆ ಸೆರಗಿನಿಂದ ಚಮಚ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎಂದೂ ಚಮಚವನ್ನೇ ಕಾಣದವಳಂತೆ ಬೇಲಿಯ ಕಡೆ ನೋಡಿದಳು.

“ಬದ್ಕಿರೋ ಗಂಡಸ್ರಿಗೆ ಆಲು ತುಪ್ಪ ಬಿಡಿಸ್ದಲ್ಲೇ ನನ್ ಕೈಲಿ,” ಎಂದು ಅಜ್ಜಿ ತಂಗಿಯ ಕಡೆ ತಿರುಗಿದಳು. “ಯಾರೇ ಏಳಿದ್ದು ನಿಂಗೆ?”

ಮೊಬೈಲು ಎಂದಳು ತಂಗಿ, ತೀರಾ ಸಣ್ಣ ದನಿಯಲ್ಲಿ. ಮೊಬೈಲಿಗೆ ಯಾರು ಹೇಳಿದರು ಎಂದು ಅಜ್ಜಿ ಕೇಳಿದಳು. ತಂಗಿ ಮೊಬೈಲನ್ನು ಬೆನ್ನ ಹಿಂದೆ ಹಿಡಿದಳು, ಕಪ್ಪು ಗೆದ್ದ ನಾನು ನಾಯಿಯ ಕಡೆ ನೋಡಿದೆ.

ಆಮೇಲೆ ಅವಳ ಕಣ್ಣು ಸೈಕಲ್ ತಾತನ ಮೇಲೆ ಬಿತ್ತು. ಅವರು ಆಗಲೇ ಕ್ಯಾನು ಎತ್ತಿಕೊಂಡು ಹೊರಡುವುದರಲ್ಲಿದ್ದರು.

“ನಿಲ್ಲಲೋ. ಕಣ್ಣಾರೆ ಕಂಡೆ ಅಂದ್ಯಲ್ಲ. ಆಲ್ಗೆ ನೀರುಯ್ಯೋನು ನೀನು, ನೆಲಕ್ಕೆ ಆಲುಯ್ತಿದ್ಯಾ?”

ಈ ಸಲ ನಗು ಡೈರಿಯ ಒಳಗಿನಿಂದಲೂ ಬಂತು. ತಾತ ಕೆಂಪಾದರು. ಸುಮ್ಮನೆ ಹೋಗಬಹುದಿತ್ತು. ಆದರೆ ಸುಳ್ಳಿಗೆ ಸಿಕ್ಕಿಬಿದ್ದವರು ಕೆಲವೊಮ್ಮೆ ಕೋಪಕ್ಕೆ ನಿಜ ಹೇಳಿಬಿಡುತ್ತಾರೆ.

“ನೀರು ಉಯ್ತಿದ್ದೆ ಕಣಕ್ಕ, ಇಲ್ಲ ಅಂದೋರ್ಯಾರು. ಆದ್ರೆ ಸೈರನ್ನು ಒತ್ತಲ್ದ ಒತ್ನಾಗ ಕೂಗಿದ್ರೆ, ಮಾರ್ನೇ ದಿನ ಉಯ್ತಿರ್ಲಿಲ್ಲ.”

ಗಣಿಯ ಸೈರನ್ನು ಶಿಫ್ಟಿನ ಹೊತ್ತಿಗೆ ಕೂಗಿದರೆ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಬೇರೆ ಹೊತ್ತಿನಲ್ಲಿ ಕೂಗಿದರೆ ಕೆಳಗೆ ಏನೋ ಕುಸಿದಿದೆ ಎಂದು ಅರ್ಥ. ಯಾಕೆ ತಾತ ಹಾಗೆ, ಎಂದು ತಂಗಿ ಕೇಳಿದಳು. ಈ ಸಲ ಹೌದಾ ಎಂದು ಕೇಳಲಿಲ್ಲ.

“ಆ ಮನೇಗೆ ಯಾರ್ ಬತ್ತಾರೋ ಯಾರ್ ಬರಲ್ವೋ. ಅವತ್ತು ನೀರುಯ್ಯಕ್ಕೆ ಕೈ ಬತ್ತಿರ್ಲಿಲ್ಲ.”

ನಾಯಿ ಇನ್ನೂ ಕಾಯುತ್ತಲೇ ಇತ್ತು.

ಬಸ್ ಸ್ಟಾಪಿನವರೆಗೆ ತಂಗಿ ಕುಣಿಯುತ್ತಾ ಬಂದಳು, ಅಧ್ಯಾಯಕ್ಕೆ ಪ್ರಾಣ ಸಿಕ್ಕಿತೆಂದು. ನಾನು ತಣ್ಣೀರು ಎರಚಿದೆ. ಇದೇ ತಾತ ವಾರದ ಹಿಂದೆ ಸುರಂಗದ ಹಾಲನ್ನೂ ಕಣ್ಣಾರೆ ಕಂಡಿದ್ದರಲ್ಲ, ಇದನ್ನು ಯಾಕೆ ನಂಬಬೇಕು? ಆದರೂ ಒಂದು ವ್ಯತ್ಯಾಸ ನನ್ನನ್ನೇ ಕಾಡುತ್ತಿತ್ತು. ಯಂತ್ರ ನಮ್ಮೂರನ್ನು ದೇವರಂಥವರ ಊರು ಮಾಡಿತ್ತು. ತಾತ ತನ್ನ ಮೇಲೆ ತಾನೇ ಕಳ್ಳತನ ಹೊರಿಸಿಕೊಂಡು ಮಾತು ಶುರುಮಾಡಿದ್ದರು. ತನಗೇ ಕೆಟ್ಟ ಹೆಸರು ತರುವ ಮಾತಿಗೆ ಸ್ವಲ್ಪ ಹೆಚ್ಚು ಬೆಲೆ ಕೊಡಬಹುದು. ಜೊತೆಗೆ, ಅಜ್ಜಿ ಆಮೇಲೆ ವಾರವಿಡೀ ತಂಗಿಯೊಡನೆ ಮಾತು ಬಿಟ್ಟಳು, ನಾಚಿಕೆಗೆ. ಎರಡೆರಡು ಸಲ ಕ್ಷಮೆ ಕೇಳಿದ ಯಂತ್ರ ಒಂದು ಸಲವೂ ನಾಚಿರಲಿಲ್ಲ.

ತಂಗಿಯನ್ನು ಕೋರಮಂಡಲ್‌ಗೆ ಓಡಿಸಿದೆ, ಏನನ್ನೂ ಓದಿ ಹೇಳಬಾರದೆಂದು ತಾಕೀತು ಮಾಡಿ. ಲೈನ್ ಮನೆಯ ಒಬ್ಬ ಪಾಟಿಯನ್ನು, ಅಂದರೆ ತಮಿಳಜ್ಜಿಯನ್ನು, ಹಳ್ಳಿಯಿಂದ ಬರುತ್ತಿದ್ದ ಹಾಲು ನೆನಪಿದೆಯಾ ಎಂದಷ್ಟೇ ಕೇಳಿದಳಂತೆ. ಪಾಟಿ ಉಸಿರು ಬಿಡದೆ ತಮಿಳಿನಲ್ಲಿ ಬೈದರಂತೆ. ಪಾಲಾ ತಣ್ಣಿಯಾ, ಹಾಲೋ ನೀರೋ, ಎಂದು ದಿನಾ ಬಾಗಿಲಲ್ಲಿ ಜಗಳವಂತೆ. ಸೈರನ್ನಿನ ಮಾರನೆಯ ದಿನದ ಹಾಲು? ಆ ದಿನಗಳಲ್ಲಿ ಹಾಲು ಹೇಗಿತ್ತೆಂದು ಯಾರಿಗೆ ಗೊತ್ತು, ಒಲೆಯನ್ನೇ ಹಚ್ಚುತ್ತಿರಲಿಲ್ಲ, ಎಂದು ಪಾಟಿ ಒಳಗೆ ಹೋದರಂತೆ. ತಂಗಿ ಅದನ್ನೂ ಹಾಗೇ ಬರೆದಳು: ನೀರಿಗೆ ಎರಡು ಸಾಕ್ಷಿ, ನೀರಿಲ್ಲದ ದಿನಕ್ಕೆ ಒಂದೇ. ಸುರಂಗದ ಹಾಲಿಗೂ ಒಂದು ಪ್ಯಾರಾ ಕೊಟ್ಟಳು. ಅದು ಮೊಬೈಲಿನಿಂದ ಡೈರಿಯ ಮೆಟ್ಟಿಲಿಗೆ ಇಳಿದ ಬಗೆ, ಓದಿ ಹೇಳಿದವಳು ತಾನೇ ಎಂಬುದರ ಸಮೇತ.

ಸಹಿಯ ದಿನ ಧೈರ್ಯಕ್ಕಿರಲಿ ಎಂದು ನನ್ನನ್ನೂ ಕರೆದೊಯ್ದಳು. ರಾಬರ್ಟ್‌ಸನ್‌ಪೇಟೆಯಲ್ಲಿ ಬೈಂಡಿಂಗ್ ಮಾಡಿಸಿದ ಪ್ರತಿ ಇನ್ನೂ ಅಂಟಿನ ವಾಸನೆ ಹೊಡೆಯುತ್ತಿತ್ತು. ಮೇಡಂ ಮೂರನೇ ಅಧ್ಯಾಯ ಓದಿ, ಅಡಿಟಿಪ್ಪಣಿಯ ಮೇಲೆ ಬೆರಳಿಟ್ಟು, ತಾತನ ನಂಬರು ಕೇಳಿದರು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಹಾಲಿಗೆ ನೀರು ಹಾಕುತ್ತಿದ್ದಿರಂತೆ, ಹೌದೇ, ಎಂದು ಕೇಳಿಯೇಬಿಟ್ಟರು.

“ಯಾರ್ ಏಳಿದ್ದು? ನಮ್ಮೂರಾಗೆ ಅಂತಾದ್ದೆಲ್ಲ ಇಲ್ಲ ಮೇಡಂ,” ಎಂದಿತು ಫೋನು. “ಅದು ಪಕ್ಕದೂರೋರು.”

ತಂಗಿ ನನ್ನ ತೋಳು ಹಿಡಿದಳು. ನಾನು ಬಾಯಿ ತೆರೆದೆ. ಮೇಡಂ ನನ್ನ ಕಡೆ ನೋಡದೆಯೇ ಕೈ ಎತ್ತಿ ಸುಮ್ಮನಿರಿಸಿದರು. ಸರಿ, ಪಕ್ಕದೂರಿನವರು ಎಷ್ಟು ಹಾಕುತ್ತಿದ್ದರು, ಎಂದು ಬಹಳ ಮೆಲ್ಲಗೆ ಕೇಳಿದರು.

“ಅವ್ರಾ? ಕ್ಯಾನಿಗೆ ಎಲ್ಡು ಚೊಂಬು, ಮಾನ ಇಲ್ದೋರು. ನಾವು ಒಂದು ದಾಟ್ತಿರ್ಲಿಲ್ಲ.”

ಮೇಡಂ ಬಾಯಿಗೆ ಕರ್ಚೀಫು ಒತ್ತಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಸೈರನ್ನು ಕೂಗಿದ ಮಾರನೆಯ ದಿನ ಎಷ್ಟು, ಎಂದರು. ಆ ಕಡೆ ಯಾವುದೋ ಹಸು ಕೂಗಿತು.

“ಅವತ್ತು ಇಲ್ಲ ಮೇಡಂ,” ಎಂದರು ತಾತ. “ಅವತ್ತು ಪಕ್ಕದೂರೋರೂ ಉಯ್ತಿರ್ಲಿಲ್ಲ.”

ಮೇಡಂ ಪೆನ್ನಿನ ಮುಚ್ಚಳ ತೆಗೆದರು.