ಬಾಗಿಲಕ್ಕ ಮತ್ತು ಒಂದೇ ಪಾಸು

ಆಕೆಗೆ ಕಿವಿ ಕೇಳಿಸುವುದಿಲ್ಲ ಎಂದು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದೆ. ದೊಡ್ಡಾಸ್ಪತ್ರೆಯ ಐಸಿಯು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಹೆಂಗಸು. ಎದುರಿಗೊಬ್ಬ ಗಂಟಲು ಹರಿದುಕೊಳ್ಳುತ್ತಿದ್ದರೂ ಮುಖದ ಒಂದು ಗೆರೆ ಅಲುಗಲಿಲ್ಲ. ಪಾಪ ಅನ್ನಿಸಿತು. ನನ್ನ ಸರದಿ ಬಂದಾಗ ಬಾಯಿ ಅಗಲಿಸಿ, ಅಕ್ಷರ ಬಿಡಿಸಿ, ಕೈಸನ್ನೆಯನ್ನೂ ಸೇರಿಸಿ, "ನಮ್ಮ... ಭಾವ... ಒಳಗೆ..." ಎಂದು ಕೂಗಿದೆ.

"ಮೆಲ್ಲಗೆ ಹೇಳಿ ಸ್ವಾಮಿ. ಎಚ್ಚರ ತಪ್ಪಿರೋರು ಒಳಗಿದ್ದಾರೆ, ನಾನಲ್ಲ."

ಎಲ್ಲರೂ ಆಕೆಯನ್ನು ಬಾಗಿಲಕ್ಕ ಎನ್ನುತ್ತಿದ್ದರು. ಗಂಡ ಹೋದ ಮೇಲೆ ಸೇರಿದ ಕೆಲಸವಂತೆ. ಸಂಜೆಯ ಭೇಟಿಗೆ ಒಬ್ಬ ರೋಗಿಗೆ ಒಂದೇ ಪಾಸು; ಪಾಸು ಕೈಯಲ್ಲಿದ್ದವರು ಒಳಗೆ, ಉಳಿದ ಬಂಧುಬಳಗ ಹೊರಗೆ. ಈ ನಿಯಮ ಮಾಡಿದವರು ಮೇಲಿನ ಮಹಡಿಯ ತಂಪು ಕೋಣೆಯಲ್ಲಿದ್ದರು. ಬೈಸಿಕೊಳ್ಳಲು ಬಾಗಿಲಕ್ಕ ಇದ್ದಳು.

ಹಾರಾಡುವವರಿಗೆ ಆಕೆಯ ಮದ್ದು ಒಂದೇ: "ಚಪ್ಪಲಿ ಬಿಚ್ಚಿ." ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವಂತಿಲ್ಲವಾದ್ದರಿಂದ ಎಂಥವರೂ ಬಗ್ಗಲೇಬೇಕು. "ಬಗ್ಗಿದವನ ದನಿ ಏರೋದಿಲ್ಲ" ಎಂದು ನನಗೊಮ್ಮೆ ಹೇಳಿದ್ದಳು. ಲೇಸಿನ ಬೂಟಿನವರಾದರೆ ಇನ್ನೂ ಒಳ್ಳೆಯದಂತೆ. ಗಂಟು ಬಿಚ್ಚುವಷ್ಟರಲ್ಲಿ ಅರ್ಧ ಕೋಪ ಇಳಿದಿರುತ್ತದೆ.

ದಿನಾ ಸಂಜೆ ಬರುತ್ತಿದ್ದ ಕಂಟ್ರಾಕ್ಟರೊಬ್ಬರದು ಲೇಸಿನ ಬೂಟೇ. ಅವರ ತಾಯಿ ಒಳಗೆ ಉಸಿರಾಟದ ಯಂತ್ರದ ಮೇಲಿದ್ದರು. ಬೆಳಗು ಕಾಣುವುದು ಅನುಮಾನ ಎಂದು ಆ ದಿನ ಡಾಕ್ಟರು ಹೇಳಿಯಾಗಿತ್ತು. ಪಾಸು ಅವರ ಜೇಬಿನಲ್ಲಿ. ಮನೆಯವರ ಮಾತು ಮೀರಿ ಮದುವೆಯಾಗಿದ್ದ ತಂಗಿ ಬೆಳಗಿನಿಂದ ಮೆಟ್ಟಿಲ ಮೇಲೆ ಕೂತಿದ್ದಳು. ಅಮ್ಮನನ್ನು ಒಂದು ಸಲ ನೋಡಬೇಕು, ಅಷ್ಟೇ.

"ಅವಳು ಒಳಗೆ ಕಾಲಿಟ್ರೆ ನಿನ್ನ ಕೆಲಸ ಇರಲ್ಲ. ನಾನು ಯಾರು ಗೊತ್ತಾ?"

"ಗೊತ್ತು. ಆರನೇ ಹಾಸಿಗೆ ಕಡೆಯೋರು. ಬೂಟು ಬಿಚ್ಚಿ."

ಈ ಸಲ ಮದ್ದು ನಾಟಲಿಲ್ಲ; ಮನುಷ್ಯ ಬಗ್ಗಿಕೊಂಡೇ ಬೈದರು. ಒಳಗೆ ಹೋದವರು ಹೋದಷ್ಟೇ ಬೇಗ ಹೊರಗೆ ಬಂದರು.

ಬಾಗಿಲಕ್ಕ ತಂಗಿಯ ಮಾತೆತ್ತಲಿಲ್ಲ. ನಾನಾಗಿದ್ದರೆ ತಾಯಿಯ ಋಣದ ಮೇಲೆ ಒಂದು ಭಾಷಣ ಬಿಗಿಯುತ್ತಿದ್ದೆ. ಎದ್ದು ನಿಂತು ಗಂಟಲನ್ನೂ ಸರಿಮಾಡಿಕೊಂಡಿದ್ದೆ. ಅಷ್ಟರಲ್ಲಿ ಆಕೆಯೇ ಮೆಲ್ಲಗೆ ಕೇಳಿದಳು:

"ದಿನಾ ಅಮ್ಮನ ಕಾಲ ಹತ್ರಾನೇ ನಿಂತು ಬಂದ್ಬಿಡ್ತೀರಿ. ಬಾಗಿಲ ಗಾಜಲ್ಲಿ ಕಾಣುತ್ತೆ ನನಗೆ. ಮುಖ ನೋಡೋಕೆ ಭಯ ಆಗುತ್ತಾ ಅಣ್ಣಾ?"

"ಬಾಯಿ ಮುಚ್ಚು!"

ಆಕೆ ಮುಚ್ಚಿದಳು. ಕಂಟ್ರಾಕ್ಟರು ಒಂದು ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದೇ ಬೆಂಚಿನ ಮೇಲೆ ಕುಸಿದರು.

"ಬಾಯಲ್ಲಿ ಆ ಪೈಪು... ನಮ್ಮಮ್ಮನ ತರಾನೇ ಇಲ್ಲ ಅದು."

"ಇರಲ್ಲ. ಎಲ್ಲರ ಕೈಲೂ ನೋಡೋಕಾಗಲ್ಲ, ಅದು ತಪ್ಪಲ್ಲ. ಆದ್ರೆ ಯಾರಾದ್ರೂ ಕೈ ಹಿಡ್ಕೊಂಡಿರ್ಬೇಕು. ಒಂಟಿಯಾಗಿ ಕಳಿಸ್ಬಾರ್ದು."

ಅವರು ತಂಗಿಯ ಕಡೆ ತಿರುಗಲಿಲ್ಲ. ಪಾಸನ್ನು ಬೆಂಚಿನ ಮೇಲಿಟ್ಟು, ರಿಂಗೇ ಆಗದ ಫೋನನ್ನು ಕಿವಿಗೆ ಹಚ್ಚಿಕೊಂಡು ಕಾರಿಡಾರಿನ ಆ ತುದಿಗೆ ನಡೆದರು. "ಬಾಮ್ಮ, ಚಪ್ಪಲಿ ಬಿಚ್ಚು" ಎಂದಳು ಬಾಗಿಲಕ್ಕ. ತಂಗಿ ಯಾವಾಗಲೋ ಬಿಚ್ಚಿಟ್ಟುಕೊಂಡೇ ಕೂತಿದ್ದಳು.

ಭೇಟಿ ಮುಗಿದ ಗಂಟೆ ಹೊಡೆಯಿತು. ಬಾಗಿಲಕ್ಕ ಅವಳನ್ನು ಹೊರಗೆ ಕರೆಯಲಿಲ್ಲ.

ತಾಯಿ ಬೆಳಗಾಗುವ ಮೊದಲೇ ತೀರಿಕೊಂಡರು. ಕೆಲವು ದಿನಗಳಲ್ಲೇ ಕಂಟ್ರಾಕ್ಟರ ದೂರು ಬಂತು: ಸಿಬ್ಬಂದಿಯಿಂದ ಅವಮಾನ, ಸಮಯ ಮೀರಿ ಒಳಗೆ ಬಿಟ್ಟದ್ದು. ತಮ್ಮ ಅಳುಕನ್ನು ಕಣ್ಣಾರೆ ಕಂಡವರು ದಿನಾ ಅದೇ ಬಾಗಿಲಲ್ಲಿ ಕೂತಿರುವುದು ಅವರಿಗೆ ಸಹ್ಯವಾಗಿರಲಿಕ್ಕಿಲ್ಲ. ಮೇಲಿನ ಮಹಡಿಯವರು ಆಕೆಯನ್ನು ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗಕ್ಕೆ ತಳ್ಳಿದರು.

ನಮ್ಮ ಭಾವ ಬದುಕಿ, ಮನೆಗೆ ಬಂದು, ಊಟ ಸಪ್ಪೆ ಎಂದು ಗೊಣಗಲು ಶುರುಮಾಡಿದ ಮೇಲೆ ನಾನೊಮ್ಮೆ ಆಕೆಯನ್ನು ಹುಡುಕಿಕೊಂಡು ಅಲ್ಲಿಗಿಳಿದೆ. ರಕ್ತದ ಕಲೆಯಾದ ಚಾದರಗಳನ್ನು ಬೇರೆ ಮಾಡುತ್ತಿದ್ದಳು. ಬೆರಳುಗಳು ಬ್ಲೀಚಿಗೆ ಬಿರಿದಿದ್ದವು. ಸಮಾಧಾನಪಡಿಸುವ ಹುಮ್ಮಸ್ಸಿನಲ್ಲಿ ಕೇಳಿದೆ: "ಏನೇ ಆಗ್ಲಿ ಅಕ್ಕ, ಆವತ್ತಿನ ಮಾತಲ್ಲಿ ಕೊನೆಗೆ ಗೆದ್ದಿದ್ದು ನೀವೇ ತಾನೆ?"

ಆಕೆ ಚಾದರವನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಅವರಮ್ಮ ಸತ್ರು ಸ್ವಾಮಿ. ಗೆಲ್ಲೋದೇನು ಬಂತು?"